ಒಂದು ಕೂದಲಿನ ಅಗಲ

"ತಣ್ಣೀರಿಗೆ ಬಿಸಿನೀರು ಹಾಕ್ಬೇಕು ಕಣೋ. ಬಿಸಿಗೆ ತಣ್ಣೀರು ಹಾಕೋದು ಬದುಕಿರೋರ ಸ್ನಾನಕ್ಕೆ," ಎಂದು ಒಕುಮಾ ಅಜ್ಜಿ ಗದರುವಷ್ಟರಲ್ಲಿ ಕಿಸಾಬುರೊ ಅರ್ಧ ಗಿಂಡಿ ಸುರಿದಾಗಿತ್ತು. ಅಜ್ಜಿ ಗಿಂಡಿಯನ್ನು ಅವನ ಕೈಯಿಂದ ಕಿತ್ತುಕೊಂಡಳು. ಬಾನಿಯ ನೀರನ್ನೆಲ್ಲ ಚರಂಡಿಗೆ ಚೆಲ್ಲಿ ಮೊದಲಿಂದ ಶುರು ಮಾಡಿದಳು. ನಮ್ಮ ಓಣಿಯ ಅರ್ಧ ಮಕ್ಕಳನ್ನು ಭೂಮಿಗೆ ತಂದವಳೂ ಅವಳೇ, ಸತ್ತವರನ್ನು ತೊಳೆದು ಕಳಿಸುವವಳೂ ಅವಳೇ. ಅವಳೆದುರು ಯಾರೂ ಬಾಯಿ ತೆರೆಯುವ ಹಾಗಿರಲಿಲ್ಲ.

ಚಾಪೆಯ ಮೇಲೆ ಕಿಸಾಬುರೊನ ಹೆಂಡತಿ ಒತೊಸೆ ಮಲಗಿದ್ದಳು. ನಾಲ್ಕು ದಿನದ ಜ್ವರ, ಅಷ್ಟೇ. ನಿನ್ನೆ ಬೆಳಗ್ಗೆ ಗಂಜಿ ಬೇಡವೆಂದು ಮುಖ ಆಚೆ ತಿರುಗಿಸಿದವಳು ಮತ್ತೆ ಇತ್ತ ತಿರುಗಲಿಲ್ಲ. ಅವಳ ತಲೆದೆಸೆಯಲ್ಲಿ ಮಡಿಸುವ ಪರದೆಯನ್ನು ಬುಡಮೇಲು ಮಾಡಿ ನಿಲ್ಲಿಸಿದ್ದರು. ಸಾವಿನ ಮನೆಯಲ್ಲಿ ಎಲ್ಲವೂ ತಿರುಗುಮುರುಗಾಗಬೇಕು, ಎದೊ ಪಟ್ಟಣದಲ್ಲಿ ಎಲ್ಲರ ಮನೆಯ ಪದ್ಧತಿ ಅದು. ಆದರೆ ಈ ಪರದೆಗೆ ಕಿಸಾಬುರೊ, ಚಿತ್ರ ಒತ್ತಲೆಂದು ತಾನು ಕೆತ್ತುವ ಮರದ ಹಲಗೆಗಳ ಮೊದಲ ಅಚ್ಚುಗಳನ್ನೆಲ್ಲ ಅಂಟಿಸುತ್ತ ಬಂದಿದ್ದ. ಹಾಗಾಗಿ ಕವಚ ತೊಟ್ಟ ಮೂವತ್ತು ನಲವತ್ತು ಜನ ಸಮುರಾಯ್ ವೀರರು ಕತ್ತಿ ಹಿರಿದುಕೊಂಡು ತಲೆಕೆಳಗಾಗಿ ನಿಂತಿದ್ದರು. ಪ್ರತಿ ಹಾಳೆಯ ಮೂಲೆಯಲ್ಲೂ ಒಂದು ಪುಟ್ಟ ಚೌಕ, ಅದರೊಳಗೆ 'ಕೆತ್ತಿದವನು ಕಿಸಾ' ಎಂದಿತ್ತು.

ಇರುವುದೊಂದೇ ಕೋಣೆ. ಕಿಟಕಿಯ ಕೆಳಗೆ ಕೆತ್ತನೆಯ ಮಣೆ, ಅದರ ಮೇಲೆ ನೀಲಿ ಬಟ್ಟೆ ಸುತ್ತಿದ ಚೆರಿ ಮರದ ಹಲಗೆ. ಅವಳು ಮಲಗಿದ ದಿನ ಸುತ್ತಿಟ್ಟಿದ್ದು, ಇನ್ನೂ ಬಿಚ್ಚಿರಲಿಲ್ಲ. ಕಿಸಾಬುರೊ ಅದರ ಹತ್ತಿರ ಹೋಗುತ್ತಿದ್ದ, ಬಟ್ಟೆಯ ಗಂಟು ಮುಟ್ಟುತ್ತಿದ್ದ, ವಾಪಸು ಬರುತ್ತಿದ್ದ. ಬೆಳಗಿನಿಂದ ಇದು ಎಷ್ಟನೆಯ ಸಲವೋ ಅವನಿಗೇ ಗೊತ್ತಿರಲಿಲ್ಲ.

"ಏನೋ ಅದು ಸುಟ್ಟ ಬೆಕ್ಕಿನ ಥರ ಓಡಾಡ್ತಿದೀಯ? ಕೂತ್ಕೋ," ಎಂದಳು ಅಜ್ಜಿ. "ಕ್ಷೌರದ ಕತ್ತಿ ತಗೋ. ತಲೆ ಬೋಳಿಸೋದು ಗಂಡನ ಕೈಯಿಂದ ಶುರುವಾಗ್ಬೇಕು."

"ನೀವೇ ಮಾಡಿ ಅಜ್ಜಿ."

"ಯಾಕೆ? ಹಲಗೆ ಮೇಲೆ ಕೂದಲು ಕೆತ್ತೋದ್ರಲ್ಲಿ ನಿನ್ನ ಮೀರಿಸಿದ ಕೈ ಇಡೀ ಎದೊದಲ್ಲಿ ಇಲ್ಲ ಅಂತಾರೆ. ಹೆಂಡ್ತಿ ಕೂದಲು ತೆಗೆಯೋಕೆ ಆಗಲ್ವಾ?"

ಅವನು ಕತ್ತಿ ಹಿಡಿದ. ಎಡಗೈ ಹೆಬ್ಬೆರಳಿನಿಂದ ತಡವಿ ತಡವಿ, ಕಣ್ಣಿಗಿಂತ ಬೆರಳನ್ನೇ ನಂಬಿ ಬೋಳಿಸಿದ. ಅಜ್ಜಿ ಒದ್ದೆ ಬಟ್ಟೆಯಲ್ಲಿ ಒರೆಸುತ್ತ ಬಂದವಳು ಬಲಗಿವಿಯ ಮೇಲೆ, ಹಣೆಯ ಪಕ್ಕಕ್ಕೆ ಬಂದಾಗ ನಿಂತಳು.

"ಇಲ್ಲೇನಿದು? ಕತ್ತಿ ತಾಗೋ ಮುಂಚೆನೇ ಬೋಳಾಗಿದೆ. ಹುಳ ತಿಂದಿತ್ತಾ?"

"ಗೊತ್ತಿಲ್ಲ ಅಜ್ಜಿ."

ಗೊತ್ತಿತ್ತು. ಆ ಬೆರಳಗಲದ ಬೋಳು ಜಾಗಕ್ಕೆ ಒಂಬತ್ತು ವರ್ಷ ವಯಸ್ಸಾಗಿತ್ತು.

ಬಿಳಿ ಅಂಗಿ ತೊಡಿಸುವಾಗ ಅವನು ಮತ್ತೆ ಎಡವಿದ. ಎಡಭಾಗದ ಅಂಚನ್ನು ಬಲದ ಮೇಲೆ ಎಳೆದು, ಕಟ್ಟಿ, ಸರಿಯಾಯಿತೆಂದು ಹಿಂದೆ ಸರಿದ. ಅಜ್ಜಿ ನೋಡಿದಳು, ನಾಲಿಗೆಯಿಂದ ಲೊಚಗುಟ್ಟಿದಳು, ಆಮೇಲೆ ಸಾವಿನ ಮನೆಯೆಂಬುದನ್ನೂ ಮರೆತು ನಕ್ಕುಬಿಟ್ಟಳು.

"ಅವತ್ತು ಬದುಕಿರೋ ವೀರನಿಗೆ ಹೆಣದ ಹಾಗೆ ಉಡಿಸಿದ್ದೆ. ಇವತ್ತು ಹೆಂಡ್ತಿನ ಹೂವಿನ ಜಾತ್ರೆಗೆ ಕಳಿಸೋ ಹಾಗೆ ಉಡಿಸಿದೀಯಲ್ಲೋ. ಬಿಚ್ಚು. ಹೆಣಕ್ಕೆ ಬಲಭಾಗ ಮೇಲೆ ಬರ್ಬೇಕು."

*

ಹಲಗೆಯ ಮೇಲೆ ಲೋಕ ಕನ್ನಡಿಯೊಳಗಿದ್ದ ಹಾಗೆ ಇರುತ್ತದೆ. ಚಿತ್ರಕಾರ ತೆಳು ಕಾಗದದಲ್ಲಿ ಬರೆದದ್ದನ್ನು ಮಗುಚಿ ಮರಕ್ಕೆ ಅಂಟಿಸುತ್ತಾರೆ. ಆ ಗೆರೆಗಳ ಮೇಲೇ ಉಳಿ ಆಡಿಸುತ್ತಾರೆ. ಕೆತ್ತಿ ಮುಗಿಯುವಷ್ಟರಲ್ಲಿ ಕಾಗದವೂ ಇಲ್ಲ, ಚಿತ್ರವೂ ಇಲ್ಲ, ಮರವೊಂದೇ ಉಳಿಯುತ್ತದೆ. ಎಡಗೈಲಿ ಕತ್ತಿ ಹಿಡಿದವನು ಅಚ್ಚಾದ ಮೇಲೆ ಬಲಗೈಯವನಾಗುತ್ತಾನೆ. ಬದುಕಿರುವವರ ಅಂಗಿಯಲ್ಲಿ ಎಡಭಾಗ ಮೇಲೆ ಬರುತ್ತದಷ್ಟೆ, ಹಲಗೆಯ ಮೇಲೆ ಅದೇ ಬಲಭಾಗವಾಗಿ, ಹೆಣದ ಉಡುಗೆಯ ಹಾಗೆ ಕಾಣುತ್ತದೆ. ಕೆತ್ತುವವರಿಗೆ ಇದು ಅಭ್ಯಾಸ. ಯಾರೂ ಅದನ್ನು ಕುರಿತು ಯೋಚಿಸುವುದಿಲ್ಲ.

ಒಂಬತ್ತು ವರ್ಷದ ಹಿಂದೆ ಕಿಸಾಬುರೊ ಯೋಚಿಸಿಬಿಟ್ಟ. ಒಬ್ಬ ವೀರನ ಕತ್ತಿನ ಪಟ್ಟಿ ಕೆತ್ತುವಾಗ ಉಳಿ ಜಾರಿ ಗೆರೆ ಮುರಿಯಿತು. ಆ ತುಂಡನ್ನು ತೆಗೆದು, ಹೊಸ ಮರದ ಬೆಣೆ ಕೂರಿಸಿ, ಹೋದ ಗೆರೆಯನ್ನು ತಾನೇ ಬರೆಯಬೇಕಾಯಿತು. ಬರೆಯುವಾಗ ಹಲಗೆ ನೋಡಿದ. ಅರೆ, ಇದು ಹೆಣದ ಪಟ್ಟಿಯಲ್ಲವೇ ಎಂದು ಗಾಬರಿಯಾಯಿತು. ತಿದ್ದಿದ. ಇನ್ನೂರು ಹಾಳೆ ಅಚ್ಚಾಗಿ ಅಂಗಡಿಯಲ್ಲಿ ತೂಗುಬಿದ್ದ ಮೇಲೆ, ಎರಡು ಕತ್ತಿ ಸಿಕ್ಕಿಸಿಕೊಂಡ ಯಾರೋ ಹಳ್ಳಿ ಸಮುರಾಯ್ ಬಂದು ಬಹಳ ಹೊತ್ತು ನೋಡಿ, "ಇವನು ಯುದ್ಧಕ್ಕೆ ಹೋಗ್ತಿದಾನೋ, ಗುಂಡಿಯಿಂದ ಎದ್ದು ಬರ್ತಿದಾನೋ?" ಎಂದು ಕೇಳಿದ. ಓಣಿ ಒಂದು ತಿಂಗಳು ನಕ್ಕಿತು. ಪ್ರಕಾಶಕ ಜೂಬೆ ಮಾತ್ರ ನಗಲಿಲ್ಲ. ಹಾಳೆಗಳನ್ನು ಸುಡಿಸಿದ, ಇನ್ನೊಂದು ಅವಕಾಶ ಕೊಟ್ಟ, ಅದೇ ಕೊನೆಯದೆಂದೂ ಹೇಳಿದ.

ಅವತ್ತು ಸಂಜೆ ಒತೊಸೆ ಬಾಗಿಲು ಹಾಕಿಕೊಂಡು ಬಂದು ಅವನೆದುರು ಕೂತಳು. ಬಲಗಿವಿಯ ಮೇಲಿಂದ ಕೂದಲು ಕಿತ್ತು ಹಲಗೆಯ ಮೇಲೆ ಇಟ್ಟಳು.

"ಎಷ್ಟಿದೆ ಹೇಳಿ."

"ಒಂದು."

"ಮೂರು," ಎಂದಳು. ದನಿಯಲ್ಲಿ ಬೈಗುಳ ಇರಲಿಲ್ಲ. "ಯಾವಾಗಿಂದ ರೀ?"

ಅವನು ಕಣ್ಣುಜ್ಜಿಕೊಂಡ. ಅವಳು ಮಣೆಯ ಮುಂದಿನ ದಿಂಬಿನಿಂದ ಅವನನ್ನು ಎಬ್ಬಿಸಿ ತಾನು ಕೂತಳು. ಕೆತ್ತುವವನ ಮಗಳು ಅವಳು. ಎಂಟನೇ ವಯಸ್ಸಿಗೆ ಉಳಿ ಮಸೆದವಳು, ಹತ್ತಕ್ಕೆ ಖಾಲಿ ಜಾಗದ ಮರ ತೆಗೆದವಳು. ಓಣಿಯ ಹೆಂಗಸರೆಲ್ಲ ಅಷ್ಟು ಮಾಡುತ್ತಾರೆ. ಬಾಗುಳಿ ಇಟ್ಟು, ಸುತ್ತಿಗೆ ಬಡಿದು, ಚಿತ್ರವಿಲ್ಲದ ಕಡೆ ಮರ ಬಗೆಯುವುದು ಅವರ ಪಾಲಿಗೆ ಬಂದ ಕೆಲಸ. ಮುಖ ಮತ್ತು ಕೂದಲು ಮಾತ್ರ ಮೇಸ್ತ್ರಿಯ ಪಾಲು. ಹೆಂಗಸಿನ ಕೈಗೆ ತಲೆ ಕೊಡುವ ಪ್ರಕಾಶಕ ಇನ್ನೂ ಹುಟ್ಟಿರಲಿಲ್ಲ.

"ಸುತ್ತಿಗೆ ನೀವು ತಗೊಳ್ಳಿ," ಎಂದಳು ಅವಳು. "ಬಾಗಿಲ ಹತ್ರ ಕೂತು ಚೆನ್ನಾಗಿ ಸದ್ದು ಮಾಡಿ. ಒತೊಸೆ ಬಡೀತಿದಾಳೆ ಅಂದ್ಕೊಳ್ಳಲಿ. ಕೂದಲು ಕೆತ್ತೋದಕ್ಕೆ ಹೇಗೂ ಸದ್ದಿಲ್ಲ."

"ಸಿಕ್ಕಿಬಿದ್ರೆ?"

"ಸಿಕ್ಕಿಬಿದ್ರೆ ನೀವು ಅಳಿ. ನಿಮಗೆ ಅಳು ಚೆನ್ನಾಗಿ ಬರುತ್ತೆ."

ಅಲ್ಲಿಂದ ಒಂಬತ್ತು ವರ್ಷ ಅವನು ಬಡಿದ, ಅವಳು ಕೆತ್ತಿದಳು. ಯಾರಾದರೂ ಬಂದರೆ ಪರದೆಯ ಹಿಂದೆ ಜಾಗ ಅದಲುಬದಲಾಗುತ್ತಿತ್ತು. ಬೆಚ್ಚಗಿದ್ದ ದಿಂಬಿನ ಮೇಲೆ ಅವನು ಕೂತು ಗಂಭೀರ ಮುಖ ಮಾಡುತ್ತಿದ್ದ, ಅವಳು ಚಹಾ ಕಾಸುತ್ತಿದ್ದಳು. ಪ್ರತಿ ಹೊಸ ತಲೆಗೂ ಮೊದಲು ಅವಳು ತನ್ನದೊಂದು ಕೂದಲು ಕಿತ್ತು ಹಲಗೆಯ ಮೇಲೆ ಅಳತೆಗೆ ಇಟ್ಟುಕೊಳ್ಳುತ್ತಿದ್ದಳು. ಆ ಒಂದು ಕೂದಲಿನ ಅಗಲದಲ್ಲಿ ಮೂರು ಗೆರೆ ಕೂರಬೇಕು. ಕೂತರೆ ಅವಳು ಸಣ್ಣಗೆ "ಹ್ಞಾ" ಎನ್ನುತ್ತಿದ್ದಳು. ಅಷ್ಟೇ ಅವಳ ಹೆಮ್ಮೆ. ಕೊನೆಗೆ ಮೂಲೆಯ ಚೌಕದಲ್ಲಿ 'ಕೆತ್ತಿದವನು ಕಿಸಾ' ಎಂದು ಕೆತ್ತುವವಳೂ ಅವಳೇ.

ಒಂದು ಸಲ ಮಾತ್ರ, ಚೌಕಕ್ಕೆ ಬಂದಾಗ, ಉಳಿ ಎತ್ತಿ ಹಿಡಿದು ಕೇಳಿದ್ದಳು, "ಇಲ್ಲಿ ನನ್ನ ಹೆಸರು ಹಾಕಿದ್ರೆ ಏನಾಗ್ತಿತ್ತು ರೀ?"

"ಏನಾಗ್ತಿತ್ತು? ಇಬ್ರೂ ಬೀದೀಲಿ ಹುರುಳಿಕಾಯಿ ಮಾರ್ತಿದ್ವಿ," ಎಂದಿದ್ದ ಅವನು. ಇಬ್ಬರೂ ನಕ್ಕಿದ್ದರು. ಆಮೇಲೆ ಅವಳು ಅವನ ಹೆಸರನ್ನೇ ಕೆತ್ತಿದ್ದಳು.

*

ಮಧ್ಯಾಹ್ನದ ಹೊತ್ತಿಗೆ ಮನೆ ತುಂಬಿತು. ಒತೊಸೆಯನ್ನು ಹೆಣ ಹೂಳುವ ಮರದ ಪೀಪಾಯಿಯಲ್ಲಿ ಮಂಡಿ ಮಡಿಸಿ ಕೂರಿಸಿದ್ದರು. ಎದೆಯ ಮೇಲೆ ಕಾವಲಿಗೆ ಒಂದು ಚೂರಿ. ಸಮುರಾಯ್ ಮನೆಗಳಲ್ಲಿ ಕತ್ತಿ ಇಡುತ್ತಾರೆ, ನಮ್ಮ ಓಣಿಯಲ್ಲಿ ಮನೆಯಲ್ಲಿ ಏನು ಹರಿತವಾಗಿದೆಯೋ ಅದು. ಕಿಸಾಬುರೊ ಇಟ್ಟಿದ್ದು ಹಿಡಿಗೆ ಬಟ್ಟೆ ಸುತ್ತಿದ, ತೆಳುವಾದ ಕೆತ್ತನೆಯ ಉಳಿ. ಹಣೆಗೆ ಕಟ್ಟಬೇಕಾದ ಬಿಳಿ ಕಾಗದದ ತ್ರಿಕೋನ ಮಾತ್ರ ಇನ್ನೂ ಬಂದಿರಲಿಲ್ಲ. ಅಚ್ಚು ಒತ್ತುವ ಉನೊಕಿಚಿ ಒಳ್ಳೆಯ ಕಾಗದ ತರುತ್ತೇನೆಂದು ಹೋದವನು ಎಲ್ಲೋ ಕೂತುಬಿಟ್ಟಿದ್ದ.

ಬಂದವರು ಅಗರಬತ್ತಿ ಹಚ್ಚಿ, ಚಹಾ ಕುಡಿದು, ಬೇಯಿಸಿದ ಟೋಫು ತಿನ್ನುತ್ತ ಮಾತಾಡಿದರು. ಪಕ್ಕದ ಸಾಲಿನ ತಾಹೆಯೂ ತಲೆ ಕೆತ್ತುವವನೇ. ಕಿಸಾಬುರೊನ ಹಾಳೆಗಳನ್ನು ಕೊಂಡುಕೊಂಡು ಹೋಗಿ, ಕೂದಲಿನ ಗೆರೆಗಳನ್ನು ನೋಡಿ ನೋಡಿ ಕಲಿತವನು. ಅದನ್ನು ಮುಚ್ಚಿಡುತ್ತಲೂ ಇರಲಿಲ್ಲ.

"ಒತೊಸೆ ಅಕ್ಕನ ಹಾಗೆ ಉಳಿ ಮಸೆಯೋರು ಇನ್ನಿಲ್ಲ ಬಿಡಿ," ಎಂದ ತಾಹೆ. "ನನ್ನ ಹೆಂಡ್ತಿ ಮಸೆದ ಉಳೀಲಿ ಈ ಟೋಫು ಸಹ ಕುಯ್ಯೋಕಾಗಲ್ಲ."

"ನೀವು ಕೆತ್ತೋ ತಲೆಗಳಿಗೆ ಅಷ್ಟು ಸಾಕು," ಎಂದಳು ಅವನ ಹೆಂಡತಿ, ತಟ್ಟೆಯಿಂದ ಕಣ್ಣೆತ್ತದೆ. ಸುತ್ತಲಿದ್ದವರು ನಗು ತಡೆದುಕೊಂಡರು.

ದೇವಾಲಯದಿಂದ ಬಂದ ಭಿಕ್ಷು ಮಂತ್ರ ಮುಗಿಸಿ ಮಸಿ ತೇಯಲು ಶುರು ಮಾಡಿದರು. ಸತ್ತವರಿಗೆ ಹೊಸ ಹೆಸರು ಬರೆದು ಕೊಡಬೇಕು. ಆ ಹೆಸರೇ ಇನ್ನು ಮುಂದೆ ಅವಳದು. "ಏನು ಮಾಡ್ಕೊಂಡಿದ್ರು ಈಕೆ?" ಎಂದು ಕಿಸಾಬುರೊನನ್ನು ಕೇಳಿದರು.

ಕಿಸಾಬುರೊ ಬಾಯಿ ತೆರೆದ. ಅಷ್ಟರಲ್ಲಿ ತಾಹೆಯೇ ಹೇಳಿದ, "ಪಾಪ, ಏನು ಮಾಡ್ತಾರೆ ಸ್ವಾಮಿ, ಉಳಿ ಮಸೀತಿದ್ರು, ಮರ ಬಡೀತಿದ್ರು, ಚಕ್ಕೆ ಗುಡಿಸ್ತಿದ್ರು. ಒಂದು ಗಳಿಗೆ ಸುಮ್ನೆ ಕೂತವರಲ್ಲ."

"ಗುಡಿಸಿದ ಅಂಗಳ ಅನ್ನೋ ಅರ್ಥ ಬರೋ ಹಾಗೆ ಬರೀತೀನಿ. ಒಳ್ಳೇ ಹೆಸರು," ಎಂದರು ಭಿಕ್ಷು. ಎಲ್ಲರೂ ತಲೆದೂಗಿದರು.

ಕಿಸಾಬುರೊ ಎದ್ದ. ಮಣೆಯ ಹತ್ತಿರ ಹೋದ. ಗಂಟು ಮುಟ್ಟಿದ. ಮತ್ತೆ ಬಂದು ಕೂತ.

ಆಗ ಪ್ರಕಾಶಕ ಜೂಬೆ ಬಂದ. ಒಳ್ಳೆಯ ಕಪ್ಪು ಅಂಗಿ ತೊಟ್ಟಿದ್ದ. ಅಗರಬತ್ತಿ ಹಚ್ಚಿ ಒತೊಸೆಗೆ ನಮಸ್ಕಾರ ಮಾಡಿ, ಕಿಸಾಬುರೊನ ಪಕ್ಕ ಬಂದು ಕೂತು, ದನಿ ತಗ್ಗಿಸಿದ. ಆದರೆ ಅಷ್ಟು ಸಣ್ಣ ಕೋಣೆಯಲ್ಲಿ ದನಿ ತಗ್ಗಿಸಿ ಏನು ಪ್ರಯೋಜನ. ಎಲ್ಲರಿಗೂ ಕೇಳಿಸಿತು.

"ಇವತ್ತು ಇದನ್ನ ಕೇಳಬಾರದು ಮೇಸ್ತ್ರಿ. ಆದ್ರೂ ಬೇರೆ ದಾರಿ ಇಲ್ಲ. ಮುಂದಿನ ವಾರ ಪಡುವಣ ಪ್ರಾಂತದ ದೊರೆ ಪರಿವಾರ ಸಮೇತ ಊರಿಗೆ ಹೊರಡ್ತಾರೆ. ಅವರ ಕಡೆಯವರೆಲ್ಲ ಮನೆಗೆ ಈ ವೀರನ ಚಿತ್ರವೇ ಬೇಕು ಅಂತಿದಾರೆ. ಹಲಗೆ ಎಲ್ಲಿಗೆ ಬಂತು?"

"ತಲೆ ಅರ್ಧ ಬಾಕಿ," ಎಂದ ಕಿಸಾಬುರೊ.

"ಚಿತ್ರಕಾರ ಒಸಾಕಾಗೆ ಹೋಗಿ ಕೂತಿದಾನೆ. ಇನ್ನೊಂದು ಬರೆಸೋ ಹಾಗಿಲ್ಲ." ಜೂಬೆ ಅವನ ಮೊಣಕಾಲ ಮೇಲೆ ಕೈಯಿಟ್ಟ. "ನೋಡಿ, ಇಂಥ ದಿನ ಯಾರ ಕೈಯೂ ಬರಲ್ಲ. ಹಲಗೆ ತಾಹೆಗೆ ಕೊಡಿ, ನಿಮ್ಮದಷ್ಟು ಬರದಿದ್ರೂ ಮುಗಿಸ್ತಾನೆ. ಚೌಕದಲ್ಲಿ ನಿಮ್ಮ ಹೆಸರೇ ಇರ್ಲಿ. ನಲವತ್ತೊಂಬತ್ತು ದಿನ ಶೋಕ ಮಾಡಿ. ಆಮೇಲೂ ಕೈ ತಿರುಗದಿದ್ರೆ ಬೇಜಾರಿಲ್ಲ, ಅಂಗಡೀಲಿ ಕೂತು ಬೇರೆಯವರ ಹಲಗೆ ನೋಡಿ ತಿದ್ದಿ. ಹೆಂಡ್ತಿ ಜೊತೆ ಮೇಸ್ತ್ರಿ ಕೈಯೂ ಹೋಯ್ತು ಅಂದ್ರೆ ಯಾರು ಏನಂತಾರೆ?"

ತಾಹೆ ತಟ್ಟೆ ಕೆಳಗಿಟ್ಟ. "ಅಣ್ಣ, ನಿಮ್ಮ ಗೆರೆ ಕೆಡಿಸಲ್ಲ. ಮಾತು ಕೊಡ್ತೀನಿ," ಎಂದ. ಮನಸ್ಸಿನಿಂದಲೇ ಹೇಳಿದ್ದು.

ತಲೆ ಒಂದು ಸಲ ಬಾಗಿಸಿದರೆ ಸಾಕಿತ್ತು. ಕಣ್ಣಿನ ವಿಚಾರ ಮುಚ್ಚಿಹೋಗುತ್ತಿತ್ತು, ಒಂಬತ್ತು ವರ್ಷದ ಸುಳ್ಳು ಅವಳ ಜೊತೆ ಮಣ್ಣಿಗೆ ಹೋಗುತ್ತಿತ್ತು. ಹೆಸರು ಉಳಿಯುತ್ತಿತ್ತು, ಅನ್ನವೂ ಉಳಿಯುತ್ತಿತ್ತು. ಅವನು ಬಾಗಿಸಲು ಹೊರಟದ್ದೂ ನಿಜ. ಅಷ್ಟರಲ್ಲಿ ಭಿಕ್ಷು ಬರೆದಿಟ್ಟ ಕಾಗದ ಕಣ್ಣಿಗೆ ಬಿತ್ತು. ದೊಡ್ಡ ಅಕ್ಷರ. ಅವನಿಗೂ ಕಾಣುವಷ್ಟು ದೊಡ್ಡದು. ಗುಡಿಸಿದ ಅಂಗಳ.

"ಅದು ನನ್ನ ಕೈ ಅಲ್ಲ ಯಜಮಾನ್ರೆ," ಎಂದ.

"ಏನು?"

"ಕೂದಲು. ಒಂಬತ್ತು ವರ್ಷದಿಂದ ಅವಳದೇ ಕೈ. ಮುಖ, ಕೂದಲು, ಕಣ್ಣಿನ ರೆಪ್ಪೆ, ಎಲ್ಲ. ನನಗೆ ಕಣ್ಣು ಕಾಣ್ಸಲ್ಲ. ಬಡೀತಿದ್ದೋನು ನಾನು."

ತಾಹೆಯ ಹೆಂಡತಿ ತೋಳಿನ ಬಟ್ಟೆಯಿಂದ ಕಣ್ಣೊರೆಸಿಕೊಂಡಳು. ಅವಳನ್ನು ನೋಡಿ ಇನ್ನಿಬ್ಬರು ಹೆಂಗಸರು ಬಿಕ್ಕಿದರು.

"ನೋಡಿದ್ರಾ?" ಎಂದಳು ಅವಳು ಗಂಡನಿಗೆ. "ಹೆಂಡ್ತಿಗೆ ತನ್ನ ಹೆಸರೇ ಕೊಟ್ಟು ಕಳಿಸ್ತಿದಾರೆ. ನೀವಾಗಿದ್ರೆ ನನಗೆ ಪೊರಕೆನೂ ಕೊಡ್ತಿರ್ಲಿಲ್ಲ."

"ಎಂಥ ಮನುಷ್ಯ," ಎಂದ ತಾಹೆ. ಅವನ ದನಿಯೂ ಒಡೆದಿತ್ತು.

ಜೂಬೆ ಮೃದುವಾಗಿ, "ಆಗ್ಲಿ ಮೇಸ್ತ್ರಿ, ಹಾಗೇ ಅಂದ್ಕೊಳ್ಳೋಣ. ಒತೊಸೆಗೆ ಕೇಳ್ಸಿರುತ್ತೆ. ಸ್ವಲ್ಪ ಮಲಗಿ," ಎಂದ.

ಕಿಸಾಬುರೊಗೆ ಮೈಯೆಲ್ಲ ಉರಿಯಿತು. ಅವಳ ಹೆಸರು ಹೇಳಿದರೆ ಅದೂ ಬಂದು ಅವನ ಹೆಸರಿಗೇ ಸೇರಿಕೊಳ್ಳುತ್ತಿತ್ತು. ಎದ್ದು ಸೀದಾ ಪೀಪಾಯಿಯ ಹತ್ತಿರ ಹೋಗಿ, ಒತೊಸೆಯ ಎದೆಯ ಮೇಲಿದ್ದ ಉಳಿ ತೆಗೆದುಕೊಂಡ.

"ಲೋ, ಕಾವಲಿನ ಚೂರಿ ತೆಗೀಬಾರದು. ಕೆಟ್ಟದ್ದು ಒಳಗೆ ಸೇರುತ್ತೆ," ಎಂದಳು ಒಕುಮಾ ಅಜ್ಜಿ.

"ಒಂದು ಗಳಿಗೆ ಅಜ್ಜಿ. ನೀವು ಕಾಯ್ತಿರಿ."

ಮಣೆಯ ಹತ್ತಿರ ಹೋಗಿ ಹಲಗೆಗೆ ಸುತ್ತಿದ್ದ ಬಟ್ಟೆ ಬಿಚ್ಚಿದ. ಶಿರಸ್ತ್ರಾಣ ಬಿದ್ದುಹೋಗಿ, ಜುಟ್ಟು ಬಿಚ್ಚಿ, ಹಲ್ಲು ಕಚ್ಚಿ ನಿಂತ ವೀರ. ತಲೆಯ ಒಂದು ಪಕ್ಕ ಕೆತ್ತಿ ಮುಗಿದಿತ್ತು. ಇನ್ನೊಂದು ಪಕ್ಕ ಅಂಟಿಸಿದ ತೆಳು ಕಾಗದದ ಕೆಳಗೆ ಮಸಿಯ ಗೆರೆಗಳು ಹಾಗೇ ಕಾದಿದ್ದವು. ಮುಗಿದ ಕಡೆಯ ಅಂಚಿನಲ್ಲಿ ಒಂದು ನಿಜವಾದ ಕೂದಲು ಅಂಟಿಕೊಂಡಿತ್ತು. ಅವನು ಅದನ್ನು ಬೆರಳಿನಿಂದ ತಡವಿ ಹುಡುಕಿ, ತೆಗೆದು, ಅಂಗಿಯ ತೋಳಿನೊಳಗೆ ಇಟ್ಟುಕೊಂಡ.

"ಮೇಸ್ತ್ರಿ, ಬೇಡ," ಎಂದ ಜೂಬೆ, ಈಗ ದನಿ ತಗ್ಗಿಸದೆ. "ಕೆಟ್ಟರೆ ಇನ್ನೊಂದು ಚಿತ್ರ ಇಲ್ಲ. ಕೈಯಲ್ಲಿರೋದನ್ನ ಕೆಳಗಿಡಿ."

"ಬಾಯಲ್ಲಿ ಹೇಳಿದ್ರೆ ನೀವು ನಂಬಲಿಲ್ಲ," ಎಂದು ಕಿಸಾಬುರೊ ಹಲಗೆಗೆ ಮೂಗು ತಾಗುವಷ್ಟು ಬಗ್ಗಿದ.

ಅವನು ಬೇಕೆಂದು ಕೆಡಿಸಲಿಲ್ಲ, ಇದನ್ನು ಹೇಳಲೇಬೇಕು. ಹಿಂದೊಮ್ಮೆ ಅವನೂ ದೊಡ್ಡ ಕೆಲಸಗಾರನೇ. ಕೈ ಎಲ್ಲವನ್ನೂ ನೆನಪಿಟ್ಟಿತ್ತು, ಉಳಿಯ ಓರೆ, ಮಣಿಕಟ್ಟಿನ ತಿರುವು, ಉಸಿರು ಬಿಡುವ ಹೊತ್ತು. ಮೊದಲ ನಾಲ್ಕು ಗೆರೆ ಬಂದವೆಂದೇ ಅನ್ನಿಸಿತು. ಆಗ 'ಪುಟ್' ಎಂದು ಗೆರೆ ಮುರಿದ ಸದ್ದು. ಕೂದಲು ಕೆತ್ತುವಾಗ ಸದ್ದಾಗಬಾರದು. ತಾಹೆ ಕಣ್ಣು ಮುಚ್ಚಿಕೊಂಡ. ಮತ್ತೊಮ್ಮೆ 'ಪುಟ್'. ಆಮೇಲೆ ಒಂದರ ಹಿಂದೆ ಒಂದು. ಅಗರಬತ್ತಿ ಅರ್ಧ ಉರಿಯುವಷ್ಟು ಹೊತ್ತು ಕೋಣೆಯಲ್ಲಿ ಅದೊಂದೇ ಸದ್ದು. ಅವನು ನಿಲ್ಲಿಸಲಿಲ್ಲ.

ಉನೊಕಿಚಿ ಕಾಗದದ ಸುರುಳಿ ಹಿಡಿದು ಬಾಗಿಲಲ್ಲಿ ನಿಂತಿದ್ದ. ಯಾವಾಗ ಬಂದನೋ.

"ಒತ್ತು," ಎಂದ ಕಿಸಾಬುರೊ, ಹಲಗೆಯನ್ನು ಅವನ ಕಡೆ ತಳ್ಳಿ.

"ಇವತ್ತಾ? ಹೆಣದ ಮುಂದೆ?"

"ಅವಳ ಮುಂದೆನೇ."

ಉನೊಕಿಚಿ ಜೂಬೆಯ ಮುಖ ನೋಡಿದ. ಜೂಬೆ ತಡೆಯಲಿಲ್ಲ. ಉನೊಕಿಚಿ ಹಲಗೆಗೆ ಮಸಿ ಬಳಿದು, ಕಾಗದ ತೇವ ಮಾಡಿ ಹಾಸಿ, ತೋಳಿನೊಳಗಿಂದ ಬಿದಿರ ಸಿಪ್ಪೆ ಹೊದಿಸಿದ ಉಜ್ಜುಬಿಲ್ಲೆ ತೆಗೆದು ಉಜ್ಜಿದ. ಎರಡು ಮೂಲೆ ಹಿಡಿದು ಎತ್ತಿ, ಎಲ್ಲರಿಗೂ ಕಾಣುವಂತೆ ತಿರುಗಿಸಿದ.

ಒಂದು ಪಕ್ಕ ಕೂದಲು. ಬೆವರಿಗೆ ಅಂಟಿದ್ದು, ಗಾಳಿಗೆ ಬಿಟ್ಟುಕೊಂಡದ್ದು, ಕಿವಿಯ ಹಿಂದಿನ ಎಳೆಗೂದಲು, ಒಂದೊಂದೂ ಬೇರೆ ಬೇರೆ. ಇನ್ನೊಂದು ಪಕ್ಕ ಸವೆದ ಪೊರಕೆ.

ತಾಹೆ ಮಂಡಿಯಲ್ಲೇ ಮುಂದಕ್ಕೆ ಸರಿದು ಹಾಳೆ ನೋಡಿದ. ತಲೆಕೆಳಗಾಗಿ ನಿಂತಿದ್ದ ಪರದೆಯ ಕಡೆ ತಿರುಗಿ, ಕತ್ತು ಓರೆ ಮಾಡಿ ಅಲ್ಲಿನ ವೀರರನ್ನು ನೋಡಿದ. ಮತ್ತೆ ಹಾಳೆ ನೋಡಿದ.

"ಹಾಗಾದ್ರೆ ಒಂಬತ್ತು ವರ್ಷದಿಂದ ನಾನು ಕಲೀತಿದ್ದದ್ದು ಯಾರ ಹತ್ರ?" ಎಂದ. ಅವನಿಗೆ ಅಳು ಬಂದಿರಲಿಲ್ಲ, ಸಿಟ್ಟು ಬಂದಿತ್ತು. "ದಿನಾ ಬೆಳಗ್ಗೆ ಅಕ್ಕ ಬಾವಿ ಹತ್ರ ಸಿಗ್ತಿದ್ರು. ಮೂಲಂಗಿ ಬೆಲೆ ಮಾತಾಡ್ತಿದ್ವಿ. ಒಂದು ಮಾತು ಕೇಳಬಹುದಿತ್ತಲ್ಲ ನಾನು."

ಅವನು ಪೀಪಾಯಿಯ ಕಡೆ ತಿರುಗಿ, ಗುರುವಿಗೆ ಮಾಡುವ ಹಾಗೆ, ಎರಡೂ ಕೈ ಊರಿ, ಹಣೆಯನ್ನು ಚಾಪೆಗೆ ಮುಟ್ಟಿಸಿದ.

"ನನಗೆ ಅನುಮಾನ ಇತ್ತು ಅನ್ನಿ," ಎಂದಳು ಒಕುಮಾ ಅಜ್ಜಿ. "ಅವಳು ನನ್ನ ಪಕ್ಕ ನಿಂತು ಅಕ್ಕಿ ತೊಳೀತಿದ್ದಾಗ್ಲೂ ಈ ಮನೇಲಿ ಸುತ್ತಿಗೆ ಸದ್ದು ಬರ್ತಿತ್ತು. ಕೇಳಿದ್ರೆ, ಬೆಕ್ಕು ಕಲ್ತಿದೆ ಅಜ್ಜಿ ಅಂತಿದ್ಲು."

ಯಾರೋ ನಕ್ಕರು. ಕಿಸಾಬುರೊನೂ ನಗಲು ಹೋಗಿ, ನಗು ಅರ್ಧಕ್ಕೆ ಅಳುವಾಯಿತು. ನಿನ್ನೆಯಿಂದ ಅತ್ತಿರಲಿಲ್ಲ ಅವನು.

ಜೂಬೆ ಬಹಳ ಹೊತ್ತು ಹಾಳೆಯನ್ನೇ ನೋಡಿದ. "ಒಂಬತ್ತು ವರ್ಷ ನನಗೆ ಸುಳ್ಳು ಹೇಳಿದ್ರಿ."

"ಹೌದು."

"ಈ ಹಲಗೆ ಹೋಯ್ತು."

"ಹೌದು."

"ಇನ್ಮೇಲೆ ನಿಮಗೆ ತಲೆ ಕೊಡೋಕಾಗಲ್ಲ. ತಿದ್ದೋ ಕೆಲ್ಸನೂ ಇಲ್ಲ. ಕಣ್ಣಿಲ್ಲದೆ ಏನು ತಿದ್ತೀರಿ?"

"ಬಡಿಯೋ ಕೆಲ್ಸ ಇದ್ರೆ ಹೇಳಿ ಯಜಮಾನ್ರೆ. ಅದು ನನಗೆ ಚೆನ್ನಾಗಿ ಬರುತ್ತೆ."

ಜೂಬೆ ಎದ್ದು ಹೋಗಿ ಇನ್ನೊಂದು ಅಗರಬತ್ತಿ ಹಚ್ಚಿದ. ಒಬ್ಬೊಬ್ಬರು ಒಂದೇ ಸಲ ಹಚ್ಚುವುದು ರೂಢಿ. ಈ ಸಲ ನಮಸ್ಕಾರಕ್ಕೆ ಬಗ್ಗಿದವನು ಬೇಗ ಏಳಲಿಲ್ಲ. ಭಿಕ್ಷು ತಾವು ಬರೆದಿದ್ದ ಕಾಗದವನ್ನು ಮಡಿಸಿ ತೋಳಿನೊಳಗೆ ಹಾಕಿಕೊಂಡು, ಇನ್ನೊಂದು ಹೆಸರಿಗೆ ಮತ್ತೆ ಮಸಿ ತೇಯಲು ಕೂತರು.

"ಹೊತ್ತಾಯ್ತು," ಎಂದಳು ಅಜ್ಜಿ. "ಉನೊಕಿಚಿ, ಹಣೆಗೆ ಕಟ್ಟೋ ಕಾಗದ ಕೊಡು."

"ಇದನ್ನೇ ಮಡಿಸಿ," ಎಂದ ಕಿಸಾಬುರೊ, ಒತ್ತಿದ ಹಾಳೆ ತೋರಿಸಿ.

"ಬಿಳೀದು ಕಟ್ಬೇಕು ಕಣೋ. ಅದೂ ಅಲ್ದೆ ಮಸಿ ಹಸಿ ಇದೆ."

"ಪೊರಕೆ ಕಡೆ ಹರಿದು ಹಾಕಿ. ಅವಳು ಕೆತ್ತಿದ್ದು ಹಣೆಗೆ ತಾಗೋ ಹಾಗೆ ಮಡಿಸಿ. ಹೊರಗೆ ಬಿಳೀದೇ ಕಾಣುತ್ತೆ."

ಅಜ್ಜಿ ಅವನ ಮುಖ ನೋಡಿ, ವಾದ ಮಾಡದೆ, ಹಾಳೆ ಹರಿದು ಮಡಿಸಿದಳು. ತ್ರಿಕೋನವನ್ನು ಒತೊಸೆಯ ಬೋಳು ಹಣೆಗೆ ಇಟ್ಟು ದಾರ ಕಟ್ಟಿದಳು. ಕಿಸಾಬುರೊ ಉಳಿಯನ್ನು ಒರೆಸಿ ಅವಳ ಎದೆಯ ಮೇಲೆ ವಾಪಸು ಇಟ್ಟ. ಹೊರಗೆ ಹೊರುವವರು ಬೊಂಬು ಹಿಡಿದು ಬಂದು ನಿಂತಿದ್ದರು. ಇಬ್ಬರು ಪೀಪಾಯಿಯ ಮುಚ್ಚಳ ಎತ್ತಿಕೊಂಡರು.

ತ್ರಿಕೋನ ಸ್ವಲ್ಪ ಬಲಕ್ಕೆ ಜಾರಿತ್ತು. ಸರಿ ಮಾಡಲೆಂದು ಅಜ್ಜಿ ಅದರ ಅಂಚು ಎತ್ತಿದಳು. ಎತ್ತಿದ ಕೈ ಅಲ್ಲೇ ನಿಂತಿತು.

"ಕಿಸಾ, ಬಾ ಇಲ್ಲಿ."

ಅವನು ಬಂದು ಬಗ್ಗಿದ. ಇನ್ನೂ ಬಗ್ಗಿದ. ಕಣ್ಣು ಕಿರಿದು ಮಾಡಿದ. ಆಮೇಲೆ, ಓಣಿಯವರೆಲ್ಲರ ಎದುರಿಗೆ, "ಏನಿದೆ ಅಜ್ಜಿ? ನನಗೆ ಕಾಣ್ಸಲ್ಲ," ಎಂದ.

ಅಜ್ಜಿ ಸರಿದು ತಾಹೆಗೆ ಜಾಗ ಬಿಟ್ಟಳು. ಬಲಗಿವಿಯ ಮೇಲೆ, ಬೆರಳಗಲದ ಆ ಬೋಳು ಜಾಗದಲ್ಲಿ, ಚರ್ಮದ ಮೇಲೆ ಹಾಳೆಯ ಹಸಿ ಮಸಿ ಎಳೆ ಎಳೆಯಾಗಿ ಮೂಡಿತ್ತು. ತಾಹೆ ಉಸಿರು ಹಿಡಿದು ನೋಡಿದ.

"ಕೂದಲು ಅಣ್ಣ," ಎಂದ.

ಕಿಸಾಬುರೊ ತೋಳಿನೊಳಗೆ ಬೆರಳಾಡಿಸಿ, ಹಲಗೆಯಿಂದ ತೆಗೆದಿಟ್ಟಿದ್ದ ಆ ಒಂದು ಕೂದಲನ್ನು ತಾಹೆಯ ಕೈಗೆ ಕೊಟ್ಟ.

"ಅಳತೆ ಇಟ್ಟು ನೋಡು."

ತಾಹೆ ಅದನ್ನು ಎರಡು ಬೆರಳಲ್ಲಿ ಹಿಡಿದು ಒತೊಸೆಯ ಹಣೆಯ ಪಕ್ಕ ಮೆಲ್ಲಗೆ ಇಟ್ಟ. ಮುಚ್ಚಳ ಹಿಡಿದವರು ಕಾಯುತ್ತ ನಿಂತರು.

"ಮೂರು," ಎಂದ.